ವಿಜಯಪುರದಲ್ಲಿ ಕೂತು ಆಳನೀರಿನ ಹೇಕ್ ಮೀನಿನ ಮೇಲೆ ಪ್ರಾಜೆಕ್ಟ್ ಮಾಡಬಹುದಾ?

ಮಾಡಬಹುದು. ನಾನು ಮಾಡಿದ್ದೇನೆ, ಬಾಗಲಕೋಟೆಯಲ್ಲಿ ಕೂತು, ನೀವು ಹೇಳುತ್ತಿರುವ ಅದೇ ಮೀನಿನ ಮೇಲೆ. ನಿಮ್ಮದು ಎಂ.ಎಸ್ಸಿ ಪ್ರಾಣಿಶಾಸ್ತ್ರದ ಕೊನೆಯ ವರ್ಷ, ಸಮುದ್ರ ಕಂಡಿಲ್ಲ, ಗೈಡ್ ಸರ್ "ಆಲಮಟ್ಟಿ ಮೀನು ತಗೋ" ಅನ್ನುತ್ತಾರೆ, ಮನಸ್ಸು ಮಾತ್ರ ಹೇಕ್ ಕಡೆ. ಯಾವುದಕ್ಕೆ ಸ್ಕೋಪ್ ಜಾಸ್ತಿ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೆ ಹದಿನಾಲ್ಕು ವರ್ಷ ಹಿಂದಿನ ನಾನೇ ಎದುರಿಗೆ ಬಂದು ಕೂತಂತಾಯಿತು.

ಲೈಬ್ರರಿಯಲ್ಲಿ ಮೀನುಗಳ ಒಂದು ದಪ್ಪ ಕ್ಯಾಟಲಾಗ್ ಇತ್ತು. ಅದರಲ್ಲಿ ಈ ಮೀನಿನ ಚಿತ್ರ ನೋಡಿದೆ. ಉದ್ದ ಮೈ, ದೊಡ್ಡ ಬಾಯಿ, ಚೂಪು ಹಲ್ಲು. ಹೆಸರು ಮರ್ಲುಸಿಯಸ್ ಪ್ಯಾರಡಾಕ್ಸಸ್. ಕಾಡ್ ಮೀನಿನ ಬಳಗ. ಇರುವುದು ನಮೀಬಿಯಾ ಮತ್ತು ದಕ್ಷಿಣ ಆಫ್ರಿಕಾದ ಕರಾವಳಿಯಾಚೆ, ಸುಮಾರು 200 ಮೀಟರ್‌ನಿಂದ 800 ಮೀಟರ್ ದಾಟಿದ ಆಳದವರೆಗೆ. ನಿಮಗೆ ಅಂದಾಜು ಸಿಗಲಿ ಅಂತ ಹೇಳುತ್ತೇನೆ. ನಿಮ್ಮ ಗೋಳಗುಮ್ಮಟ ಸುಮಾರು 51 ಮೀಟರ್ ಎತ್ತರ. ಅಂಥ ಹತ್ತು ಗುಮ್ಮಟ ಒಂದರ ಮೇಲೊಂದು ಇಟ್ಟು ನೀರಲ್ಲಿ ಮುಳುಗಿಸಿ. ಎಲ್ಲಕ್ಕಿಂತ ಕೆಳಗಿನ ಗುಮ್ಮಟದ ಬಾಗಿಲಲ್ಲಿ ಈ ಮೀನು ಓಡಾಡುತ್ತಿರುತ್ತದೆ. ಹಗಲು ತಳದ ಹತ್ತಿರ ಇರುತ್ತದೆ, ರಾತ್ರಿ ಆಹಾರ ಹುಡುಕುತ್ತಾ ಮೇಲೇಳುತ್ತದೆ. ಅದಕ್ಕೇ ತಳದ ಬಲೆ ಎಳೆಯುವ ಟ್ರಾಲರ್‌ಗಳಿಗೆ ಹಗಲೇ ಹೆಚ್ಚು ಸಿಗುತ್ತದೆ. ಹಿನ್ನೀರಿನ ದಂಡೆಯಲ್ಲಿ ಬೆಳೆದ ನನಗೆ ಅಷ್ಟು ಆಳದ ನೀರು ಅಂದರೇ ರೋಮಾಂಚನ.

ಮೀನು ಸಿಗುವುದಿಲ್ಲ, ಹಾಗಾಗಿ ಹಳೆಯ ಸರ್ವೆಗಳ ಟೇಬಲ್ ಹುಡುಕಿದೆ. ಯಾವ ಆಳದಲ್ಲಿ ಬಲೆ ಹಾಕಿದರು, ಸಿಕ್ಕ ಮೀನಿನ ಉದ್ದ ಎಷ್ಟು, ಹೊಟ್ಟೆಯಲ್ಲಿ ಏನಿತ್ತು. ಮೂರು ತಿಂಗಳು ಕೈಯಲ್ಲೇ ಬರೆದುಕೊಂಡೆ. ತಪ್ಪು ಮಾಡಿದ್ದು ಇಲ್ಲೇ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನೀವೂ ಇಲ್ಲೇ ಬೀಳುತ್ತೀರಿ.

ಆ ಸಮುದ್ರದಲ್ಲಿ ಹೇಕ್ ಎರಡು. ಇನ್ನೊಂದು ಕೇಪೆನ್ಸಿಸ್, ಕಡಿಮೆ ಆಳದ್ದು, ಸುಮಾರು 50ರಿಂದ 500 ಮೀಟರ್‌ವರೆಗೆ. ನೋಡಲು ಎರಡೂ ಅಣ್ಣತಮ್ಮಂದಿರ ಹಾಗೆ. ಕೇಪೆನ್ಸಿಸ್‌ಗೆ ಹೆಸರು ಕೊಟ್ಟದ್ದು 1861ರಲ್ಲಿ, ಪ್ಯಾರಡಾಕ್ಸಸ್ ಬೇರೆ ಪ್ರಭೇದ ಅಂತ ಹೆಸರು ಬಂದದ್ದು 1960ರಲ್ಲಿ. ನಡುವೆ ನೂರು ವರ್ಷ. ಅದಾದ ಮೇಲೂ ಮೀನುಗಾರಿಕೆಯ ಲೆಕ್ಕದಲ್ಲಿ ಬಹಳ ಕಾಲ ಎರಡನ್ನೂ ಸುಮ್ನೆ "ಹೇಕ್" ಅಂತಲೇ ಬರೆಯುತ್ತಿದ್ದರು. ಹಡಗಿನ ಮೇಲೇ ತಲೆ ಕತ್ತರಿಸಿದರೆ ಗುರುತು ಹಿಡಿಯುವ ಕಿವಿರೂ ಹೋಗಿಬಿಡುತ್ತದೆ. ನನಗೆ ಸಿಕ್ಕ ಕೆಲವು ಟೇಬಲ್‌ಗಳಲ್ಲಿ ಎರಡು ಕಾಲಂ ಬೇರೆ ಬೇರೆ ಇದ್ದವು, ಕೆಲವದರಲ್ಲಿ ಒಂದೇ ಇತ್ತು. ನಾನೇನು ಮಾಡಿದೆ? ಎಲ್ಲಾ ಒಂದೇ ತರ ಇರಲಿ ಅಂತ, ಬೇರೆ ಇದ್ದ ಕಾಲಂಗಳನ್ನೂ ಕೂಡಿಸಿ ಒಂದು ಮಾಡಿದೆ. ನೂರು ವರ್ಷ ಹಿಡಿದು ಬೇರೆ ಮಾಡಿಟ್ಟದ್ದನ್ನು ಒಂದು ಮಧ್ಯಾಹ್ನ ಕೂತು ಕಲಸಿಬಿಟ್ಟೆ.

ಅದರಿಂದ ಏನಾಯಿತು ನೋಡಿ. ಎರಡೂ ಹೇಕ್‌ಗಳಿಗೆ ಒಂದೇ ಸ್ವಭಾವ: ದೊಡ್ಡದಾಗುತ್ತಾ ಹೋದಂತೆ ಇನ್ನೂ ಆಳಕ್ಕೆ ಇಳಿಯುತ್ತವೆ. ಲೆಕ್ಕಕ್ಕೆ ಸುಲಭದ ಅಂಕಿ ಇಟ್ಟುಕೊಳ್ಳೋಣ. 100 ಮೀಟರ್‌ನಲ್ಲಿ ಬರೀ ಕೇಪೆನ್ಸಿಸ್, ಸರಾಸರಿ 25 ಸೆಂ.ಮೀ. 200 ಮೀಟರ್‌ನಲ್ಲೂ ಅದೇ, 35 ಸೆಂ.ಮೀ. 300 ಮೀಟರ್‌ಗೆ ಬಂದಾಗ 50 ಸೆಂ.ಮೀ.ನ ಕೇಪೆನ್ಸಿಸ್ ಒಂದು, ಅದರ ಜೊತೆ 20 ಸೆಂ.ಮೀ.ನ ಪ್ಯಾರಡಾಕ್ಸಸ್ ಒಂಬತ್ತು. ಬೇರೆ ಬೇರೆ ನೋಡಿದರೆ ಗೊಂದಲವೇ ಇಲ್ಲ: ಒಂದರ ಹಿರಿಯರು ಇಳಿದು ಬಂದಿದ್ದಾರೆ, ಇನ್ನೊಂದರ ಕಿರಿಯರು ಈಗ ತಾನೇ ಶುರು ಮಾಡಿದ್ದಾರೆ. ಕೂಡಿಸಿ ಹತ್ತರಿಂದ ಭಾಗಿಸಿದರೆ ಸರಾಸರಿ 23 ಸೆಂ.ಮೀ. 500 ಮೀಟರ್‌ನಲ್ಲಿ ಬರೀ ಪ್ಯಾರಡಾಕ್ಸಸ್, 40 ಸೆಂ.ಮೀ. ಈಗ ಗೆರೆ ಎಳೆಯಿರಿ. 25, 35, 23, 40. ನಡುವೆ ಒಂದು ತಗ್ಗು.

ಆ ತಗ್ಗಿನ ಮೇಲೆ ನಾನು ಒಂದು ಅಧ್ಯಾಯವನ್ನೇ ಬರೆದೆ. 300 ಮೀಟರ್ ಅಂದರೆ ಈ ಮೀನಿನ ತವರುಮನೆ, ದೊಡ್ಡವು ಇಲ್ಲಿಗೆ ಬಂದು ಮೊಟ್ಟೆ ಇಡುತ್ತವೆ, ಮರಿಗಳು ತಾಯಂದಿರ ಜೊತೆ ಇಲ್ಲೇ ಬೆಳೆದು, ಕೆಲವು ಮೇಲಕ್ಕೂ ಕೆಲವು ಕೆಳಕ್ಕೂ ಹೋಗುತ್ತವೆ ಅಂತ. ಗ್ರಾಫ್‌ಗೆ ಬಣ್ಣ ಹಾಕಿದೆ. ಸರ್ ಖುಷಿಪಟ್ಟರು. ಒಳ್ಳೆಯ ಮಾರ್ಕ್ಸ್ ಬಂತು.

ಅದೇ ಪ್ರಾಜೆಕ್ಟ್ ಹಿಡಿದುಕೊಂಡು ಪಿಎಚ್.ಡಿ ಸಂದರ್ಶನಕ್ಕೆ ಹೋದೆ, ಕರಾವಳಿಯ ಒಂದು ಸಂಸ್ಥೆಗೆ. ಮೂರು ಜನ ಕೂತಿದ್ದರು. ನಡುವೆ ಕೂತಿದ್ದ ಮೇಡಂ ಗ್ರಾಫ್ ಮೇಲೆ ಪೆನ್ನು ಇಟ್ಟು ಒಂದೇ ಪ್ರಶ್ನೆ ಕೇಳಿದರು.

"ಈ 300 ಮೀಟರ್‌ನ ದೊಡ್ಡ ಮೀನುಗಳ ಹೊಟ್ಟೆಯಲ್ಲಿ ಏನಿತ್ತು?"

"ಚಿಕ್ಕ ಹೇಕ್, ಮೇಡಂ. ಸ್ವಜಾತಿ ಭಕ್ಷಣೆ."

"ಯಾವ ಹೇಕ್?"

ನನ್ನ ಬಾಯಿ ಕಟ್ಟಿತು. ಅವರು ಗದರಲಿಲ್ಲ. ಪುಟ ತಿರುಗಿಸಿ, ಹೊಟ್ಟೆಯ ಟೇಬಲ್ ಇದ್ದ 31ನೇ ಪುಟ ತೆಗೆದು, ನನ್ನ ಕಡೆ ತಿರುಗಿಸಿ ಇಟ್ಟರು. "ಊರಿಗೆ ಹೋಗಿ ಇದನ್ನ ಇನ್ನೊಂದು ಸಲ ಓದಿ" ಅಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಓದಿದೆ. ಎಲ್ಲಾ ಅಲ್ಲೇ ಇತ್ತು. ದೊಡ್ಡವು ಕೇಪೆನ್ಸಿಸ್, ಅವುಗಳ ಹೊಟ್ಟೆಯಲ್ಲಿ ಎಳೆಯ ಪ್ಯಾರಡಾಕ್ಸಸ್. ನಾನು ತಾಯಿ ಮಕ್ಕಳು ಅಂತ ಬರೆದಿದ್ದೆ, ಅವು ಬೇಟೆಗಾರ ಮತ್ತು ಬೇಟೆ. ಎರಡರ ಆಳ ಒಂದರ ಮೇಲೊಂದು ಬರುವ ಆ ಪಟ್ಟಿಯಲ್ಲಿ ದಿನಾ ನಡೆಯುವುದು ಅದೇ. ನಾನು ತವರುಮನೆ ಅಂದದ್ದು ಅದನ್ನು.

ಸೀಟು ಸಿಗಲಿಲ್ಲ. ಮುಂದಿನ ವರ್ಷ ಮತ್ತೆ ಹೋಗುವ ಅಂದುಕೊಂಡೆ. ಅಷ್ಟರಲ್ಲಿ ಅಪ್ಪನ ಕಾಲಿನ ಆಪರೇಷನ್ ಆಯಿತು. ಅವ್ವ ಒಬ್ಬಳೇ ಮನೆ ತೂಗಿಸಲಾಗಲಿಲ್ಲ. ಬೆಳಗಾವಿಯ ಒಂದು ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್ ಆಗಿ ಸೇರಿದೆ. ಆ ಬಾಗಿಲು ಮತ್ತೆ ತೆರೆಯಲಿಲ್ಲ. ಎರಡು ಕಾಲಂ ಕೂಡಿಸಿದ್ದಕ್ಕೆ ಇಷ್ಟು ಬೆಲೆಯಾ ಅಂತ ನಿಮಗೆ ಅನ್ನಿಸಬಹುದು. ನನ್ನ ಮಟ್ಟಿಗೆ ಹೌದು.

ಬೆಳಗಾವಿಗೆ ಹೋದ ಮೇಲೆ ಭಾನುವಾರ ಬೆಳಗ್ಗೆ ಮೀನು ಮಾರ್ಕೆಟ್‌ಗೆ ಹೋಗುವ ಅಭ್ಯಾಸ ಆಯಿತು. ಗೋವಾ, ಕಾರವಾರ ಕಡೆಯ ಮೀನು ಬರುತ್ತಿತ್ತು. ಒಬ್ಬ ಅಕ್ಕನ ಹತ್ತಿರ ನಾಲ್ಕು ಬಂಗುಡೆ ತಗೊಂಡು ಅಲ್ಲೇ ಕಿವಿರು ಎತ್ತಿ ನೋಡುತ್ತಿದ್ದೆ. "ಯಾಕೋ ತಮ್ಮಾ, ತಾಜಾ ಅದಾವ, ಎಷ್ಟ್ ಸಲ ನೋಡ್ತಿ?" ಅನ್ನುತ್ತಿದ್ದಳು. ತಾಜಾ ನೋಡಲು ಅಲ್ಲ ಅಕ್ಕಾ ಅಂತ ಒಂದು ದಿನ ತೋರಿಸಿದೆ. ಬಂಗುಡೆಯ ಬಾಯಿ ಅಗಲಿಸಿ ಬೆಳಕಿಗೆ ಹಿಡಿದರೆ ಗಂಟಲಲ್ಲಿ ಗಿಲ್ ರೇಕರ್‌ಗಳು ಕಾಣುತ್ತವೆ. ಕಿವಿರಿನ ಕಮಾನಿಗೆ ಸಾಲಾಗಿ ಹುಟ್ಟಿದ ಹಲ್ಲುಗಳು, ಕೋಳಿಪುಕ್ಕದ ಹಾಗೆ ಉದ್ದ, ಒತ್ತೊತ್ತಾಗಿ, ತುದಿ ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನೀರಿನಲ್ಲಿರುವ ಸಣ್ಣ ಜೀವಿಗಳನ್ನು ಸೋಸಿ ತಿನ್ನುವ ಮೀನು ಅದು, ಅದಕ್ಕೇ ಜರಡಿ. ಹೇಕ್ ಬೇಟೆಗಾರ, ಅದರವು ಗಿಡ್ಡ, ದಪ್ಪ. ಪ್ಯಾರಡಾಕ್ಸಸ್‌ನದ್ದಾದರೆ ಆ ಗಿಡ್ಡ ಹಲ್ಲುಗಳ ಮೇಲೆ ಕಪ್ಪು ಚುಕ್ಕೆ ಇರುತ್ತದೆ. ಇಡೀ ಗುರುತು ಅಷ್ಟರಲ್ಲಿದೆ. ಆ ಚುಕ್ಕೆ ಎಲ್ಲಿ ಹುಡುಕಬೇಕು ಅಂತ ನನಗೆ ಬೆರಳಿಗೆ ಅರ್ಥವಾದದ್ದು ಬಂಗುಡೆ ಹಿಡಿದಾಗ, ಚಿತ್ರ ನೋಡಿದಾಗ ಅಲ್ಲ.

ಈಗ ನಿಮ್ಮ ಪ್ರಶ್ನೆ. ಸಮುದ್ರ ನೋಡಿಲ್ಲ ಅನ್ನುವುದನ್ನು ತಲೆಯಿಂದ ತೆಗೆಯಿರಿ. ಹೇಕ್ ಕೆಳಗೆ ಹೇಗೆ ಬದುಕುತ್ತದೆ ಅಂತ ಕೇಪ್‌ಟೌನ್‌ನಲ್ಲಿ ಹುಟ್ಟಿದವರೂ ಕಣ್ಣಾರೆ ಕಂಡಿಲ್ಲ. ಬಲೆಯಲ್ಲಿ ಮೇಲೆ ಬಂದದ್ದನ್ನು ಅಳೆದು, ಹೊಟ್ಟೆ ಸೀಳಿ, ಲೆಕ್ಕ ಹಾಕಿ ತಿಳಿದುಕೊಂಡಿದ್ದಾರೆ. ಲೆಕ್ಕ ನಿಮ್ಮ ರೂಮಿನಲ್ಲೂ ಹಾಕಬಹುದು.

ಸ್ಕೋಪ್ ಅನ್ನುವ ಮಾತೂ ಬೇಡ. ಆಲಮಟ್ಟಿ ತಗೊಂಡರೆ ಸುಲಭ ಅಂತ ಯಾರು ಹೇಳಿದರು? ನಾನು ನೋಡಿದ ಹಿನ್ನೀರಿನ ಮೀನು ರಿಜಿಸ್ಟರ್‌ನಲ್ಲಿ ಕಾಟ್ಲಾ, ರೋಹು, ಮೃಗಾಲ, ಆಮೇಲೆ "ಇತರೆ". ಆ "ಇತರೆ" ಒಳಗೆ ಎಷ್ಟು ಪ್ರಭೇದ ಇವೆಯೋ. ಅಲ್ಲೂ ನಿಮ್ಮನ್ನು ಕಾಯುತ್ತಿರುವುದು ಇದೇ ತಪ್ಪು. ಹಾಗಾಗಿ ಎರಡರಲ್ಲಿ ಯಾವುದು ಅನ್ನುವುದು ದೊಡ್ಡ ವಿಷಯವೇ ಅಲ್ಲ. ನಿಮಗೆ ರಾತ್ರಿ ನಿದ್ದೆ ಬಿಡಿಸುವುದು ಹೇಕ್ ತಾನೇ? ಹೇಕ್ ತಗೊಳ್ಳಿ.

ಆದರೆ "ಹೇಕ್ ಮೀನಿನ ಜೀವನ ಮತ್ತು ನೆಲೆ" ಅಂತ ಅಗಲವಾದ ಶೀರ್ಷಿಕೆ ಹಾಕಬೇಡಿ. ವಯಸ್ಸಿನ ಅಧ್ಯಾಯಕ್ಕಂತೂ ಹೋಗಲೇಬೇಡಿ. ಕಿವಿಕಲ್ಲಿನ (ಮೀನಿನ ಕಿವಿಯೊಳಗಿನ ಗಟ್ಟಿ ಹರಳಿನ) ಉಂಗುರ ಎಣಿಸಿ ವಯಸ್ಸು ಹೇಳುವುದು ಹೇಕ್‌ನಲ್ಲಿ ಬಹಳ ಕಷ್ಟ. ಯುರೋಪಿನ ಹೇಕ್‌ಗೆ ಗುರುತಿನ ಟ್ಯಾಗ್ ಹಾಕಿ ಬಿಟ್ಟು ಮತ್ತೆ ಹಿಡಿದಾಗ, ಅಂದುಕೊಂಡದ್ದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ವೇಗವಾಗಿ ಬೆಳೆಯುತ್ತದೆ ಅಂತ ಗೊತ್ತಾಯಿತು. ಟೇಬಲ್ ಮುಂದೆ ಕೂತ ನಾವು ಅಲ್ಲಿ ಏನೂ ಮಾಡಲಾಗದು.

ಎರಡು ಹೇಕ್ ಸೇರುವ ಆ ಆಳದ ಪಟ್ಟಿಯನ್ನೇ ಹಿಡಿಯಿರಿ. ಯಾವ ಉದ್ದದ ಕೇಪೆನ್ಸಿಸ್ ಯಾವ ಉದ್ದದ ಪ್ಯಾರಡಾಕ್ಸಸ್ ತಿನ್ನುತ್ತದೆ, ಅಷ್ಟೇ. ಅದು ಬೇಡ ಅನ್ನಿಸಿದರೆ ಗಡಿಯ ವಿಷಯ ಇದೆ. ಪ್ಯಾರಡಾಕ್ಸಸ್ ಮೊಟ್ಟೆ ಇಡುವುದು ದಕ್ಷಿಣ ಆಫ್ರಿಕಾ ಕಡೆ. ಮೊಟ್ಟೆ, ಮರಿಗಳು ಪ್ರವಾಹದಲ್ಲಿ ಉತ್ತರಕ್ಕೆ ತೇಲುತ್ತವೆ. ಬೆಳೆಯುತ್ತಾ ಕೆಲವು ನಮೀಬಿಯಾ ನೀರಿಗೂ ಸೇರುತ್ತವೆ. ಹುಟ್ಟಿದ್ದು ಒಂದು ದೇಶ, ಹಿಡಿಯುವವರು ಎರಡು ದೇಶ. ಕೃಷ್ಣೆಯ ನೀರಿನ ಜಗಳ ಕೇಳುತ್ತಾ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಗೈಡ್ ಸರ್ ಹತ್ತಿರ ವಾದ ಮಾಡಬೇಡಿ. ಒಂದೇ ಒಂದು ಸರ್ವೆಯ ಟೇಬಲ್ ತಗೊಂಡು, ಎರಡು ಪ್ರಭೇದಕ್ಕೆ ಎರಡು ಗೆರೆ ಎಳೆದು, ಕೂಡಿಸಿದ ಗೆರೆಯನ್ನು ಪಕ್ಕದಲ್ಲಿ ಇಟ್ಟು ತೋರಿಸಿ. ಮೊದಲ ಕಾಲಂನಲ್ಲಿ ಪ್ರಭೇದದ ಹೆಸರು ಇರಲಿ. ಹೆಸರು ಗೊತ್ತಿಲ್ಲದ ಸಾಲುಗಳನ್ನು ಬೇರೆ ಹಾಳೆಯಲ್ಲಿ ಇಡಿ, ಅವು ಎಷ್ಟೇ ಜಾಸ್ತಿ ಇದ್ದರೂ. ನನ್ನ ಹಳೆಯ ನೋಟ್‌ಬುಕ್ ಇನ್ನೂ ಇದೆ. ಕೂಡಿಸುವ ಮೊದಲಿನ ಕಾಲಂಗಳು ಅದರಲ್ಲಿ ಹಾಗೇ ಇವೆ. ಬೇಕಾದರೆ ಕೆಳಗೆ ಬರೆಯಿರಿ, ಫೋಟೋ ತೆಗೆದು ಹಾಕುತ್ತೇನೆ.