ಬಿಗ್ ಬಜಾರ್ ಮುಳುಗಿತು, ಡಿಮಾರ್ಟ್ ಮಾತ್ರ ಹೇಗೆ ಗೆದ್ದಿತು?

ಮುಖ್ಯ ಕಾರಣ ಬಾಡಿಗೆ. ಡಿಮಾರ್ಟ್ ಹೆಚ್ಚಿನ ಕಡೆ ಜಾಗವನ್ನೇ ಕೊಂಡು ಅಂಗಡಿ ಹಾಕುತ್ತದೆ, ಇಲ್ಲವೇ ಬಹಳ ವರ್ಷಗಳ ಲೀಸಿಗೆ ಹಿಡಿಯುತ್ತದೆ. ತಿಂಗಳ ಬಾಡಿಗೆ ಉಳಿದರೆ ದರ ಇಳಿಸಬಹುದು ಅಲ್ವಾ? ಬಿಗ್ ಬಜಾರ್ ಬೆಳೆದಿದ್ದು ಬಾಡಿಗೆ ಜಾಗದಲ್ಲಿ, ಅದೂ ಸಾಲ ಮಾಡಿ. 2020ರ ಲಾಕ್‌ಡೌನಿನಲ್ಲಿ ವ್ಯಾಪಾರ ಕುಸಿಯಿತು, ಸಾಲ ಕುಸಿಯಲಿಲ್ಲ. 2022ರಲ್ಲಿ ಅದರ ಎಷ್ಟೋ ಮಳಿಗೆಗಳು ರಿಲಯನ್ಸ್ ಕೈಗೆ ಹೋದವು.

ಇನ್ನೊಂದು ಗುಟ್ಟು ನಮ್ಮ ಅಕ್ಕಲಕೋಟೆಯ ಕಿರಾಣಿ ಅಂಗಡಿಯವರಿಗೂ ಗೊತ್ತು. ಸೊಲ್ಲಾಪುರದ ಪೇಟೆಯಲ್ಲಿ ರೊಕ್ಕ ಎಣಿಸಿ ಕೊಟ್ಟವನಿಗೆ ಒಂದು ರೇಟು, ಉದ್ರಿ ಒಯ್ಯುವವನಿಗೆ ಇನ್ನೊಂದು. ಡಿಮಾರ್ಟ್ ಕೂಡ ಕಂಪನಿಗಳಿಗೆ ಬೇಗ ಹಣ ಕೊಟ್ಟು ಮಾಲನ್ನು ಅಗ್ಗಕ್ಕೆ ಪಡೆಯುತ್ತದೆ. ಡಿಮಾರ್ಟಿಗೆ ಥಳಕು ಬಳಕು ನೋಡಲು ಹೋದರೆ ಮಾತ್ರ ಸುಮ್ನೆ ಬೇಜಾರು!