ಸ್ಕೋರ್ ಬಂದ ಮೇಲೂ ಡಿಬ್ರೀಫಿಂಗ್ ಬೇಕಾ?

ವರ್ಚುವಲ್ ಸಿಮ್ಯುಲೇಷನ್‌ನಲ್ಲಿ (ಕಂಪ್ಯೂಟರ್‌ನಲ್ಲಿ ಕಲ್ಪಿತ ರೋಗಿಯನ್ನು ನೋಡಿಕೊಳ್ಳುವ ಅಭ್ಯಾಸ) ತಪ್ಪು ಎಲ್ಲಾಯ್ತು ಅಂತ ಸಾಫ್ಟ್‌ವೇರೇ ತೋರಿಸುತ್ತೆ, ಆಮೇಲೆ ನಾವು ಮಕ್ಕಳನ್ನು ಕೂರಿಸಿಕೊಂಡು ಮಾತಾಡೋದು, ಅಂದರೆ ಡಿಬ್ರೀಫಿಂಗ್, ಯಾಕೆ ಅಂತ ಕೇಳಿದ್ದೀರಿ. ನಾನು ಮಂಡ್ಯದಲ್ಲಿ ನರ್ಸಿಂಗ್ ಪಾಠ ಮಾಡುತ್ತೇನೆ. ನನ್ನ ಪ್ರಕಾರ ಬೊಂಬೆ ರೋಗಿಯ ಮೇಲೆ ಅಭ್ಯಾಸ ಮಾಡುವ ಮ್ಯಾನಿಕಿನ್ ಲ್ಯಾಬ್‌ಗಿಂತ ಇಲ್ಲೇ ಡಿಬ್ರೀಫಿಂಗ್ ಜಾಸ್ತಿ ಬೇಕು.

ಲ್ಯಾಬ್‌ನಲ್ಲಿ ಹುಡುಗಿ ತಡವರಿಸಿದರೆ ನಮಗೆ ಕಾಣುತ್ತದೆ. ಸ್ಕ್ರೀನ್ ಮುಂದೆ ಅವಳೊಬ್ಬಳೇ. ಗೊತ್ತಿಲ್ಲದಿದ್ದರೂ ಸುಮ್ನೆ ಒಂದೊಂದೇ ಒತ್ತುತ್ತಾ ಹೋಗಬಹುದು, ಮತ್ತೆ ಆಡಿ ಸ್ಕೋರ್ ಏರಿಸಿಕೊಳ್ಳಬಹುದು. ಏನು ಒತ್ತಿದಳು ಅನ್ನೋದು ರಿಪೋರ್ಟ್‌ನಲ್ಲಿ ಇರುತ್ತದೆ. ಯಾಕೆ ಅನ್ನೋದು ಇರುವುದಿಲ್ಲ.

ರೋಗಿಗೆ ರಕ್ತ ಏರಿಸುವ ಕೇಸ್ ತಗೊಳ್ಳಿ. ರಕ್ತ ಹೋಗುತ್ತಿರುವಾಗಲೇ ರೋಗಿಗೆ ಚಳಿ, ಜ್ವರ, ಸೊಂಟ ನೋವು. ಅಂದರೆ ಆ ರಕ್ತ ಒಗ್ಗದಿರಬಹುದು. ಮೊದಲು ರಕ್ತ ಏರಿಸುವುದನ್ನು ನಿಲ್ಲಿಸಬೇಕು. ಹೊಸ ಸೆಟ್ (ನಳಿಕೆ) ಹಾಕಿ ನಾರ್ಮಲ್ ಸಲೈನ್ ಬಿಡಬೇಕು, ವೈಟಲ್ಸ್ (ನಾಡಿ, ಬಿಪಿ, ಉಸಿರಾಟ, ಜ್ವರ) ನೋಡಬೇಕು, ತಡಮಾಡದೆ ಡಾಕ್ಟರಿಗೆ ತಿಳಿಸಬೇಕು. ಬ್ಯಾಗನ್ನೂ ಸೆಟ್ಟನ್ನೂ ಎಸೆಯದೆ ಬ್ಲಡ್ ಬ್ಯಾಂಕ್‌ಗೆ ಕಳಿಸಬೇಕು. ಎಷ್ಟೋ ಮಕ್ಕಳು ಮೊದಲು ಡಾಕ್ಟರಿಗೆ ಫೋನ್ ಒತ್ತುತ್ತಾರೆ. ‘ಯಾಕಮ್ಮ ಹೀಗೆ ಮಾಡಿದೆ?’ ಅಂದರೆ ತಲೆ ತಗ್ಗಿಸಿ ಕೂರುತ್ತಾರೆ. ಅದರ ಬದಲು ಕಂಡದ್ದು ಹೇಳಿ, ನಿಮ್ಮ ಆತಂಕ ಹೇಳಿ, ಆಮೇಲೆ ಕೇಳಿ: ‘ನೀನು ಮೊದಲು ಫೋನ್ ಮಾಡಿದೆ. ಅಷ್ಟು ಹೊತ್ತೂ ರಕ್ತ ಹೋಗ್ತಾನೇ ಇತ್ತಲ್ಲ ಅಂತ ನನಗೆ ಗಾಬರಿ ಆಯ್ತು. ಆಗ ನಿನ್ನ ತಲೆಯಲ್ಲಿ ಏನಿತ್ತು?’ ಆಗ ಬಾಯಿ ಬಿಡುತ್ತಾರೆ: ‘ಡಾಕ್ಟರ್ ಹೇಳದೆ ನಾವೇ ನಿಲ್ಲಿಸಬಹುದಾ ಮೇಡಂ?’ ನೋಡಿ, ಪಾಠ ಗೊತ್ತಿಲ್ಲ ಅಂತಲ್ಲ, ಭಯ. ಈ ತರಹ ಕೇಳುವುದಕ್ಕೆ ಅಡ್ವೊಕಸಿ-ಇಂಕ್ವೈರಿ ಅನ್ನುತ್ತಾರೆ.

ಮಾತಿಗೆ ಒಂದು ಕ್ರಮ ಬೇಕೆಂದರೆ 2015ರಲ್ಲಿ ಪ್ರಕಟವಾದ ಪರ್ಲ್ಸ್ (PEARLS) ಅನ್ನೋ ಡಿಬ್ರೀಫಿಂಗ್ ಚೌಕಟ್ಟು ಸಾಕು. ಹೇಗನ್ನಿಸಿತು, ಏನಾಯ್ತು, ಯಾಕಾಯ್ತು, ನಾಳೆ ವಾರ್ಡ್‌ನಲ್ಲಿ ಏನು ಮಾಡ್ತೀರಿ. ಆದಷ್ಟೂ ಅದೇ ದಿನ, ಸಣ್ಣ ಗುಂಪಿನಲ್ಲಿ ಮಾಡಿ.

ಭಾಷೆ ಬಗ್ಗೆ ಮುಜುಗರ ಬೇಡ. ಮಳವಳ್ಳಿ, ನಾಗಮಂಗಲ ಕಡೆಯಿಂದ ಕನ್ನಡ ಮೀಡಿಯಂನಲ್ಲಿ ಓದಿ ಬಂದವರಿಗೆ ಇಂಗ್ಲಿಷ್‌ನಲ್ಲೇ ಯೋಚನೆ ಬಿಡಿಸಿ ಹೇಳು ಅಂದರೆ ಪುಸ್ತಕದ ಸಾಲು ಒಪ್ಪಿಸುತ್ತಾರೆ, ಅಷ್ಟೇ. ಕನ್ನಡದಲ್ಲೇ ಮಾತಾಡಿಸಿ. ಡಾಕ್ಟರಿಗೆ ಫೋನ್‌ನಲ್ಲಿ ಹೇಳುವ ಭಾಗವನ್ನು ಮಾತ್ರ ಎಸ್‌ಬಾರ್ (SBAR: ಪರಿಸ್ಥಿತಿ, ಹಿನ್ನೆಲೆ, ನಮ್ಮ ಅಂದಾಜು, ಸಲಹೆ) ಕ್ರಮದಲ್ಲಿ, ಇಂಗ್ಲಿಷ್‌ನಲ್ಲಿ, ಬಾಯಿಬಿಟ್ಟು ಹೇಳಿಸಿ. ಸ್ಕ್ರೀನ್‌ನಲ್ಲಿ ಅದೊಂದು ಕ್ಲಿಕ್. ರಾತ್ರಿ ಡ್ಯೂಟಿಯಲ್ಲಿ ಹಾಗಲ್ಲ ಅಲ್ವಾ?

ಇನ್ನೊಂದು ವಿಷಯ: ಡಿಬ್ರೀಫಿಂಗ್‌ನಲ್ಲಿ ಆಡಿದ ಮಾತಿಗೆ ಇಂಟರ್ನಲ್ ಮಾರ್ಕ್ಸ್ ತಳುಕು ಹಾಕಬೇಡಿ. ಹಾಕಿದರೆ ಯಾರೂ ನಿಜ ಹೇಳುವುದಿಲ್ಲ.