ಹಗಲಲ್ಲಿ ಉರಿಯುವ ಬೀದಿದೀಪ

ರೋಣ ತಾಲೂಕಿನ ನಿವೃತ್ತ ಶಿಕ್ಷಕರಿಗೆ ನಮಸ್ಕಾರ.

ವಿದ್ಯುತ್ ಉಳಿತಾಯ, ಸೌರಶಕ್ತಿಗಳ ಹೊಣೆ ಗ್ರಾಮ ಪಂಚಾಯಿತಿಗೆ ಸಿಗಬೇಕೆಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆವು. "ಬೀದಿದೀಪದ ಬಿಲ್ಲು ತುಂಬಲಾಗದವರ ಕೈಗೆ ಕರೆಂಟು ಕೊಟ್ಟು ಏನು ಮಾಡುವುದು? ಕರೆಂಟು ಪೂರೈಸುವ ಕಂಪನಿ ಹೆಸ್ಕಾಂ ಇಲ್ಲವೇ?" ಎಂದು ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆಯೇ.

ಮೊನ್ನೆ ಮುಂಡರಗಿ ಕಡೆಯ ಒಂದು ಊರಿಗೆ ಹೋದಾಗ ನಡು ಮಧ್ಯಾಹ್ನ. ಅಗಸಿಯಿಂದ ಗುಡಿಯ ತನಕ ಕಂಬದ ದೀಪಗಳೆಲ್ಲ ಉರಿಯುತ್ತಿದ್ದವು. ನೀರು ಬಿಡುವವರನ್ನು ವಿಚಾರಿಸಿದೆ. "ಸ್ವಿಚ್ಚಿಲ್ರೀ ಸರ, ಆರಸಬೇಕಂದ್ರ ಕಂಬ ಹತ್ತಿ ವಾಯರ್ ಬಿಡಸಬೇಕು" ಎಂದರು. ಜೀವಕ್ಕೆ ಅಪಾಯದ ಕೆಲಸ. ಅವರು ಹತ್ತದಿರುವುದೇ ಸರಿ. 40 ವ್ಯಾಟಿನ 100 ದೀಪ ಹಗಲಿಡೀ 12 ತಾಸು ಉರಿದರೆ ದಿನಕ್ಕೆ 48 ಯೂನಿಟ್. ಒಂದು ಸ್ವಿಚ್ ಡಬ್ಬಿ ಕೂಡಿಸಿದರೆ ಮುಗಿಯಿತು, ಆದರೆ ಕೂಡಿಸುವವರಾರು? ಕಂಬ ಒಬ್ಬರದು, ದೀಪ ಇನ್ನೊಬ್ಬರದು, ಬಿಲ್ಲಿನ ರೊಕ್ಕ ಪಂಚಾಯಿತಿಗೆ ಬರುವ ಸರ್ಕಾರದ ಅನುದಾನದಲ್ಲೇ ಕಡಿತವಾಗುತ್ತದೆ. ಉಳಿಸಿದ ರೊಕ್ಕ ಊರಿನ ಖಾತೆಗೆ ಬರುವುದಿಲ್ಲ ಎಂದಾದರೆ ಉಳಿಸುವ ಉಸಾಬರಿ ಯಾರಿಗೂ ಬೇಡ. ನಾವು ಕೇಳುವ ಅಧಿಕಾರ ಮೊದಲಿಗೆ ಇದೇ: ಉಳಿತಾಯ ಊರಿಗೇ ಸೇರಲಿ.

ಕುಡಿಯುವ ನೀರಿನ ಮೋಟರಿಗೂ ಇದೇ ಮಾತು. ಟಾಕಿ ತುಂಬಲು ರಾತ್ರಿಯೇ ಆಗಬೇಕೆಂದಿಲ್ಲ. ಬಿಸಿಲಿದ್ದಾಗ ಸೌರಫಲಕದಿಂದ ನೀರೆತ್ತಿಟ್ಟರೆ ಬ್ಯಾಟರಿಯ ಖರ್ಚೂ ಇಲ್ಲ, ಟಾಕಿಯೇ ಬ್ಯಾಟರಿ. ನಮ್ಮ ಸೀಮೆಯಲ್ಲಿ ಬಿಸಿಲಿಗೆ ಬರವೇ?

ಇದು ಕಾನೂನಿಗೆ ಹೊಸದೂ ಅಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಪಂಚಾಯಿತಿಗಳಿಗೆ ವಹಿಸಬಹುದೆಂದು 29 ವಿಷಯ ಪಟ್ಟಿ ಮಾಡಿತು. 14ನೆಯದು ವಿದ್ಯುತ್ ವಿತರಣೆಯೂ ಸೇರಿದ ಗ್ರಾಮೀಣ ವಿದ್ಯುದೀಕರಣ, 15ನೆಯದು ಅಸಾಂಪ್ರದಾಯಿಕ ಇಂಧನ. ಆದರೆ ವಹಿಸುವುದು, ಬಿಡುವುದು ರಾಜ್ಯದ ಕೈಯಲ್ಲಿದೆ. ಗಂಟು ಇರುವುದು ಅಲ್ಲಿ.

ಹಳ್ಳಿಗರಿಗೆ ಇದೆಲ್ಲ ನೀಗುತ್ತದೆಯೇ ಎಂಬ ಅನುಮಾನ ನಿಮ್ಮ ಪತ್ರದಲ್ಲಿದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಮನೆಮನೆಗೆ ಕರೆಂಟು ಕೊಡುತ್ತ ಬಂದಿದೆ. ಅಷ್ಟು ದೂರವೇಕೆ, ನಿಮ್ಮ ಗದಗ ಜಿಲ್ಲೆಯ ಕಣಗಿನಹಾಳದವರು 1905ರಲ್ಲೇ ಸಹಕಾರಿ ಸಂಘ ಕಟ್ಟಿ ದೇಶಕ್ಕೆ ದಾರಿ ತೋರಿಸಿದವರಲ್ಲವೇ? ಆ ಸಂಘ ಕಟ್ಟಲು ಮುಂದಾದ ಸಿದ್ದನಗೌಡ ಪಾಟೀಲರಿಗೆ ಆಗ ಲೆಕ್ಕ ಬರುವುದಿಲ್ಲವೆಂದು ಯಾರಾದರೂ ತಡೆದಿದ್ದರೆ!

ಲೈನು, ಟ್ರಾನ್ಸ್‌ಫಾರ್ಮರ್ ಪಂಚಾಯಿತಿಗೆ ಬೇಡ ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ಅದು ಪಳಗಿದ ಕೈಗಳ ಕೆಲಸ, ಹೆಸ್ಕಾಂನವರಲ್ಲೇ ಇರಲಿ. ಮೀಟರಿಲ್ಲದೆ ಉಳಿತಾಯದ ಮಾತೇ ಇಲ್ಲ ಎಂಬುದನ್ನೂ ಒಪ್ಪುತ್ತೇನೆ. ಮುಂದಿನ ಗ್ರಾಮಸಭೆಗೆ ಹೋದಾಗ ಒಂದು ಉಪಕಾರ ಮಾಡಿ: ನಿಮ್ಮೂರ ಬೀದಿದೀಪ, ನೀರಿನ ಮೋಟರುಗಳ ಆರ್.ಆರ್. ನಂಬರುಗಳು (ಪ್ರತಿ ವಿದ್ಯುತ್ ಸಂಪರ್ಕಕ್ಕೆ ಕೊಡುವ ಸಂಖ್ಯೆ) ಎಷ್ಟು, ಅವುಗಳಲ್ಲಿ ಮೀಟರ್ ಓಡುತ್ತಿರುವುದು ಎಷ್ಟಕ್ಕೆ ಎಂದು ಕೇಳಿ ಬರೆಯಿರಿ. ಪ್ರಕಟಿಸುತ್ತೇವೆ.

— ಸಂಪಾದಕ